ಬಂಡಮ್ಮನ ಎಡಗೈ

ಕಪನೂರಿನ ಬೇಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಬಂಡಮ್ಮನ ಎಡಗೈ ಯಂತ್ರದ ತಿರುಗುವ ಪಟ್ಟಾಕ್ಕೆ ಸಿಕ್ಕಿ ನುಜ್ಜುಗುಜ್ಜಾಗಿತ್ತು. ಡಾಕ್ಟರರು ಮೊಣಕೈಯ ಕೆಳಗೆ ಅದನ್ನು ಕತ್ತರಿಸಿ ತೆಗೆದು ವರ್ಷ ದಾಟಿತ್ತು. ಗಾಯವೇನೋ ಮಾಯ್ದಿತ್ತು, ಕೈ ಮಾತ್ರ ಹೋಗಿರಲಿಲ್ಲ. ಕಣ್ಣಿಗೆ ಕಾಣದ ಆ ಕೈ ಅವಳ ಪಾಲಿಗೆ ಇದ್ದೇ ಇತ್ತು. ಪಟ್ಟಾ ಹಿಡಿದೆಳೆದ ಗಳಿಗೆಯಲ್ಲಿ ಹೇಗೆ ಬಿಗಿದಿತ್ತೋ ಹಾಗೆಯೇ ಮುಷ್ಟಿ ಕಟ್ಟಿಕೊಂಡು, ಉಗುರುಗಳನ್ನು ಅಂಗೈಗೆ ಊರಿಕೊಂಡು ನಿಂತಿತ್ತು.

ಗಂಡ ಅಮೋಘಪ್ಪ ಆಗಾಗ ತಮ್ಮೂರು ಕಮಲಾಪುರದಿಂದ ಬಸ್ಸು ಹತ್ತಿಸಿ ಅವಳನ್ನು ಕಲಬುರಗಿಯ ಜೇವರ್ಗಿ ಕಾಲೋನಿಗೆ ಕರೆತಂದು ದೇವೀಂದ್ರಪ್ಪನವರ ಮುಂದೆ ಕೂಡಿಸುತ್ತಿದ್ದ. ದೇವೀಂದ್ರಪ್ಪನವರು ಮನಃಶಾಸ್ತ್ರಜ್ಞರು. ಊರವರಿಂದ ಹುಚ್ಚರ ಡಾಕ್ಟರು ಅನ್ನಿಸಿಕೊಳ್ಳುತ್ತಲೇ ಮಾತಿನಿಂದ ಎಷ್ಟೋ ಜನರ ಎದೆಭಾರ ಇಳಿಸಿದವರು. ಬಂಡಮ್ಮನದೂ ಅಂಥದೇ ಒಂದು ದುಃಖ ಎಂದು ಅವರ ಲೆಕ್ಕ. ಕೈ ಹೋಗಿದೆ ಎಂಬುದನ್ನು ಮನಸ್ಸು ಒಪ್ಪಿದರೆ ನೋವು ತಾನಾಗಿ ಇಳಿಯುತ್ತದೆ ಎಂದು ತಿಳಿಸಿ ಹೇಳುತ್ತಿದ್ದರು. ಆಕೆ ಹಲ್ಲು ಕಚ್ಚಿಕೊಂಡು ಹೌದ್ರೀ ಹೌದ್ರೀ ಎಂದು ಕೇಳಿಸಿಕೊಂಡು, ಏಳುವಾಗ ಒಂದೇ ಮಾತು ಆಡುತ್ತಿದ್ದಳು.

“ಹೋಗ್ಯದಂತ ನನಗೂ ಗೊತ್ತದರೀ ಸಾಹೇಬ್ರ. ಆದ್ರ ಮುಷ್ಟಿ ಬಿಚ್ಚಲಾಕ ಬರವಲ್ದು.”

ತೊಂಬತ್ತೊಂಬತ್ತರ ಚಳಿಗಾಲದಲ್ಲಿ ಕಲಬುರಗಿಯ ಒಂದು ಕಾಲೇಜಿನಲ್ಲಿ ಮನೋವಿಜ್ಞಾನದ ವೃತ್ತಿಯಲ್ಲಿರುವವರಿಗೆಂದು ಮರುತರಬೇತಿ ಶಿಬಿರ ನಡೆಯಿತು. ದೇವೀಂದ್ರಪ್ಪನವರಿಗೆ ಹೋಗುವ ಮನಸ್ಸಿರಲಿಲ್ಲ. ಇಂಥ ಶಿಬಿರಗಳಲ್ಲಿ ತಮಗೆ ಗೊತ್ತಿದ್ದದ್ದನ್ನೇ ಪರದೆಯ ಮೇಲೆ ತೋರಿಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ ಎಂಬುದು ಅವರ ಅನುಭವ. ವ್ಯಸನ ಬಿಡಿಸುವ ಕೇಂದ್ರದಲ್ಲಿದ್ದ ಗೆಳೆಯ ಧರ್ಮಣ್ಣ ಸ್ಕೂಟರ್ ತಂದು ಬಾಗಿಲಲ್ಲಿ ನಿಲ್ಲಿಸಿದ್ದಕ್ಕೆ ಹೊರಟರು, ಹೋಗಿ ಹಿಂದಿನ ಸಾಲಿನಲ್ಲಿ ಕೂತರು.

ಕಲಿಸಲು ಬಂದಾಕೆ ಹೈದರಾಬಾದಿನ ಜಾಹೇದಾ. ದೇವೀಂದ್ರಪ್ಪನವರ ಮಗಳ ವಯಸ್ಸಿನವಳು. ಊಟದ ನಂತರ ಆಕೆ ಮೇಜಿನ ಮೇಲೆ ಒಂದು ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ, ಯಾರಾದರೂ ಹಿರಿಯರು ಬರಬೇಕು ಎಂದಳು. ಧರ್ಮಣ್ಣ ಗೆಳೆಯನ ಬೆನ್ನು ತಟ್ಟಿ ಎಬ್ಬಿಸಿದ.

ಎರಡು ಕೈಗಳ ನಡುವೆ ಕನ್ನಡಿ, ಅದರ ಮುಖ ಬಲಕ್ಕೆ. ಬಲಗೈ ಕನ್ನಡಿಯ ಮುಂದೆ, ಎಡಗೈ ಕನ್ನಡಿಯ ಹಿಂದೆ. ನೋಟ ಕನ್ನಡಿಯ ಮೇಲೆಯೇ. ಅಲ್ಲಿ ಕಾಣುತ್ತಿದ್ದದ್ದು ಬಲಗೈಯ ಬಿಂಬ, ಆದರೆ ಅದು ಕೂತಿದ್ದದ್ದು ಸರಿಯಾಗಿ ಎಡಗೈಯ ಜಾಗದಲ್ಲಿ. ಎರಡೂ ಮುಷ್ಟಿ ಕಟ್ಟಿ, ಬಿಚ್ಚಿ, ಕಟ್ಟಿ ಎಂದಳು. ಅವರು ಹಾಗೇ ಮಾಡುತ್ತ ಹೋದರು. ಸ್ವಲ್ಪ ಹೊತ್ತಾದ ಮೇಲೆ, ಈಗ ಎಡಗೈ ಬಿಗಿದೇ ಇಟ್ಟು ಬಲಗೈ ಮಾತ್ರ ಬಿಚ್ಚಿ ಎಂದಳು.

ಬಿಚ್ಚಿದರು. ಬಿಗಿದೇ ಇದ್ದ ಎಡಗೈ ಅವರ ಕಣ್ಣೆದುರು ಹೂವಿನಂತೆ ಅರಳಿತು. ಕ್ಷಣಕಾಲ ತಮ್ಮ ಕೈ ಮುಚ್ಚಿದೆಯೋ ತೆರೆದಿದೆಯೋ ಅವರಿಗೇ ತಿಳಿಯಲಿಲ್ಲ. ಐವತ್ತು ದಾಟಿದ ಮನುಷ್ಯ, ಹುಟ್ಟಿದಾಗಿನಿಂದ ಜೊತೆಗಿದ್ದ ಕೈಯ ಗುರುತು ಕಳೆದುಕೊಂಡು ಕೂತಿದ್ದರು.

ಕೈ ಎಂಬುದು ತೋಳಿನ ತುದಿಯಲ್ಲಷ್ಟೇ ಇಲ್ಲ, ಮಿದುಳಿನಲ್ಲೂ ಒಂದಿದೆ, ಅದು ಕಣ್ಣು ಹೇಳಿದ್ದನ್ನು ನಂಬುತ್ತದೆ ಎಂದು ಜಾಹೇದಾ ವಿವರಿಸಿದಳು. ಕೈ ಕಳೆದುಕೊಂಡವರಿಗೆ ಇದರಿಂದ ಉಪಯೋಗವಾಗುತ್ತದೆಯೇ ಎಂದು ದೇವೀಂದ್ರಪ್ಪನವರು ಕೇಳಿದರು. ಹೊರದೇಶದಲ್ಲಿ ಕೆಲವರ ಮೇಲೆ ಮಾಡಿ ನೋಡಿದ್ದಾರೆ, ಕೆಲವರಿಗೆ ಗುಣ ಕಂಡಿದೆ, ಎಲ್ಲರಿಗೂ ಅಲ್ಲ, ನಾನಿನ್ನೂ ಕಣ್ಣಾರೆ ಕಂಡಿಲ್ಲ ಎಂದು ಆಕೆ ಇದ್ದದ್ದನ್ನು ಇದ್ದಂತೆ ಹೇಳಿ, ತನ್ನ ಫೋನ್ ನಂಬರು ಬರೆದುಕೊಟ್ಟಳು.

ಶಿಬಿರ ಮುಗಿದ ಸಂಜೆ ಅವರು ನೇರ ರೋಜಾ ಬಡಾವಣೆಗೆ ಹೋದರು. ದರ್ಗಾದ ರಸ್ತೆಯಲ್ಲಿ ಫೋಟೊಗಳಿಗೆ ಚೌಕಟ್ಟು ಹಾಕುವ ಜಹಾಂಗೀರನ ಅಂಗಡಿಯಲ್ಲಿ ಕನ್ನಡಿ ಕೊಯ್ಯಿಸಿ, ನೆಟ್ಟಗೆ ನಿಲ್ಲುವಂತೆ ಹಲಗೆಗೆ ಕೂಡಿಸಿಕೊಂಡರು. ಗೋಡೆಗೆ ತೂಗಹಾಕಲಾಗದ ಇಂಥ ಕನ್ನಡಿ ಯಾತಕ್ಕೆ ಎಂದು ಆತ ವಿಚಾರಿಸಿದ. ಹೇಳಿದರೆ ತಮಗೇ ನಂಬಿಕೆ ಬರಲಿಕ್ಕಿಲ್ಲ ಅನ್ನಿಸಿ ದುಡ್ಡು ಎಣಿಸಿ ಕೊಟ್ಟರು.

ಮರುದಿನ ಮುಂಜಾನೆ ಕನ್ನಡಿಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದರು. ಸಾಹೇಬರು ತಾವಾಗಿಯೇ ಮನೆಗೆ ಬಂದದ್ದು ನೋಡಿ ಅಮೋಘಪ್ಪ ಗಾಬರಿಯಾದ. ಅವನ ತಾಯಿ ಪುತಳಾಬಾಯಿ ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟಳು. ದೇವೀಂದ್ರಪ್ಪನವರು ಹಣ್ಣು ಮುಟ್ಟಲಿಲ್ಲ. ಪಡಸಾಲೆಯಲ್ಲಿ ಬಂಡಮ್ಮನನ್ನು ಕೂಡಿಸಿ, ಎರಡು ತೋಳುಗಳ ನಡುವೆ ಕನ್ನಡಿ ನಿಲ್ಲಿಸಿ, ಇದು ಹೊಸದು, ಆಗಬಹುದು, ಆಗದೆಯೂ ಇರಬಹುದು ಎಂದು ಮೊದಲೇ ತಿಳಿಸಿದರು.

ತುಂಡುಗೈಯನ್ನು ಕನ್ನಡಿಯ ಹಿಂದಕ್ಕೆ ಇಡಿಸಿದರು. ಬಲಗೈ ಮುಂದೆ ಬಂತು. ಬಂಡಮ್ಮ ಕನ್ನಡಿ ನೋಡಿದಳು. ಅಲ್ಲಿ ಅವಳಿಗೆ ಎರಡು ಕೈಗಳಿದ್ದವು.

“ನಿನ್ನ ನೋವಿನ ಕೈ ಹ್ಯಾಂಗ ಬಿಗದದ, ಬಲಗೈನೂ ಹಂಗೇ ಬಿಗಿ ತಂಗಿ. ಈಗ ಎರಡೂ ಕೂಡಿ ಬಿಚ್ಚು. ಸಾವಕಾಶ ಬಿಚ್ಚು.”

ಬಲಗೈಯ ಬೆರಳುಗಳು ತೆರೆದುಕೊಂಡವು. ಕನ್ನಡಿಯೊಳಗಿನ ಕೈಯೂ ತೆರೆಯಿತು. ಮೊದಲ ಸಲ ಏನೂ ಆಗಲಿಲ್ಲ. ಮತ್ತೊಮ್ಮೆ ಮಾಡಿಸಿದರು. ಇನ್ನೊಮ್ಮೆ. ಅಮೋಘಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಆಗ ಬಂಡಮ್ಮನ ಭುಜ ಇದ್ದಕ್ಕಿದ್ದಂತೆ ಸಡಿಲಾಯಿತು, ವರ್ಷದಿಂದ ಬಿಗಿದಿದ್ದ ದವಡೆ ಕೆಳಗೆ ಇಳಿಯಿತು.

“ಬಿಚ್ಚಲಾಕತ್ತದರೀ,” ಎಂದಳು, ಪಿಸುಮಾತಿನಲ್ಲಿ. “ಉಗುರು ಹೊರಗ ಬಂದಾವ. ಅಂಗೈಗಿ ಗಾಳಿ ತಾಗಲಾಕತ್ತದ.”

ಕೈಯೇ ಇಲ್ಲದ ಕಡೆ ಗಾಳಿ ತಾಗುತ್ತಿತ್ತು. ದೇವೀಂದ್ರಪ್ಪನವರ ಕಣ್ಣಲ್ಲಿ ನೀರು ತುಂಬಿತು. ಗರ್ಭಗುಡಿಯ ಮುಂದೆ ಕೂತವರಂತೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡರು.

ಬಂಡಮ್ಮ ಕನ್ನಡಿಯಿಂದ ಕಣ್ಣು ತೆಗೆಯದೆ ಅತ್ತೆಗೆ ಬಳೆ ತರಲು ಹೇಳಿದಳು. ಪುತಳಾಬಾಯಿ ಒಳಗಿನಿಂದ ಹಸಿರು ಗಾಜಿನ ಬಳೆ ತಂದು ಸೊಸೆಯ ಬಲಗೈಗೆ ಒಂದೊಂದಾಗಿ ಏರಿಸಿದಳು. ಕನ್ನಡಿಯೊಳಗಿನ ಎಡಗೈಗೂ ಬಳೆ ಏರಿದವು. ಬಂಡಮ್ಮ ಮೆಲ್ಲಗೆ ಮಣಿಕಟ್ಟು ಅಲುಗಿಸಿದಳು. ಎರಡೂ ಕೈಯ ಬಳೆಗಳು ಕೂಡಿ ಸದ್ದು ಮಾಡಿದಂತೆ ಅಲ್ಲಿದ್ದ ನಾಲ್ವರಿಗೂ ಕೇಳಿಸಿತು. ಅಮೋಘಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದ.

“ಇಷ್ಟು ದಿನ ಈ ಕೈ ಎಲ್ಲಿತ್ತರೀ ಸಾಹೇಬ್ರ?” ಎಂದು ಆಕೆ ಕೇಳಿದಳು.

“ನನಗೂ ಗೊತ್ತಿಲ್ಲವ್ವ,” ಎಂದರು ದೇವೀಂದ್ರಪ್ಪನವರು.

ಬಸ್ ನಿಲ್ದಾಣದ ಎಸ್‌ಟಿಡಿ ಬೂತಿನಿಂದ ಅವರು ಹೈದರಾಬಾದಿಗೆ ಫೋನ್ ಹಚ್ಚಿದರು. ನಡೆದದ್ದನ್ನೆಲ್ಲ ಬಿಡದೆ ಹೇಳಿದರು. ಆ ಕಡೆಯಿಂದ ಜಾಹೇದಾ, ಬಳೆ ಯಾವ ಬಣ್ಣದವು ಎಂದು ಕೇಳಿದಳು. ಹಸಿರು ಎಂದರು.

ನೋವು ಅಂದೇ ಪೂರ್ತಿ ಹೋಗಲಿಲ್ಲ. ರಾತ್ರಿಗೆ ಮುಷ್ಟಿ ಮತ್ತೆ ಕಟ್ಟಿಕೊಂಡಿತು, ಬೆಳಿಗ್ಗೆ ಬಂಡಮ್ಮ ಮತ್ತೆ ಬಿಚ್ಚಿದಳು. ಮನೆಗೆಲಸ ಮುಗಿಸಿ ದಿನಾಲೂ ಕನ್ನಡಿಯ ಮುಂದೆ ಕೂತಳು. ಬೇಸಿಗೆ ಬರುವಷ್ಟರಲ್ಲಿ ಕಣ್ಣಿಗೆ ಕಾಣದ ಆ ಕೈ ತೋಳಿನೊಳಕ್ಕೆ ಸರಿದು ಸಣ್ಣದಾಗಿ, ಬರೀ ಬೆರಳುಗಳಷ್ಟೇ ಉಳಿದು, ಒಂದು ದಿನ ಅವೂ ನೋವಿನ ಸಮೇತ ಇಲ್ಲವಾದವು. ಅವತ್ತು ಆಕೆ ಒಂದಿಷ್ಟು ಹೊತ್ತು ಅತ್ತಳಂತೆ. ಆಮೇಲೆ ಎದ್ದು, ಬಲಗೈಯೊಂದರಿಂದಲೇ ಹಿಟ್ಟು ನಾದಿ ಮನೆಯವರಿಗೆಲ್ಲ ರೊಟ್ಟಿ ಬಡಿದಳಂತೆ.