ಆರಾಮ ಕುಂದ್ರು

ತೊಂಬತ್ತೆಂಟರ ಮಳೆಗಾಲದಲ್ಲಿ ಮಾಲವ್ವ ಮಿಲ್ಲಿನ ಕಾಲನಿಯಾದ ಬಂಗೂರನಗರದ ನಲ್ಲಿಯ ಹತ್ತಿರ ನೀರು ತರುವಾಗ ಜಾರಿ ಬಿದ್ದಳು. ಮೂಳೆ ಮುರಿದಿರಲಿಲ್ಲ. ದಿನಾ ನಡೆಸಿರಿ, ಇಲ್ಲದಿದ್ದರೆ ಕಾಲುಗಳು ಸೋಲುತ್ತವೆ ಎಂದು ಡಾಕ್ಟರು ಹೇಳಿದರು. ಆದರೆ ಮುದುಕಿ ಮತ್ತೆ ಕೊಡ ಹೊತ್ತರೆ ನೆರೆಯವರು ಏನಂದಾರು ಎಂದು ಮಗ ಮಹಾಬಳೇಶ್ವರ ಅವಳನ್ನು ಮಂಚದಿಂದ ಇಳಿಯಗೊಡಲಿಲ್ಲ. ಊಟ, ನೀರು, ಕೊನೆಗೆ ಬಕೆಟ್ಟೂ ಅಲ್ಲಿಗೇ ಬಂತು.

"ನಾ ಏನ್ ಬಾಣಂತೇನೋ? ಅಂಗಳದ ತನಕಾರ ಬಿಡು."

"ದುಡದದ್ದ ಸಾಕ ಯವ್ವಾ. ಆರಾಮ ಕುಂದ್ರು."

ಹೆತ್ತರೆ ಇಂಥ ಮಗನನ್ನು ಹೆರಬೇಕು ಎಂದು ನೆರೆಯವರು ಹೊಗಳಿದರು. ಮಾಲವ್ವ ಬರಬರುತ್ತ ಅಂಗಳಕ್ಕೆ ಬಿಡು ಎಂದು ಕೇಳುವುದನ್ನೇ ಬಿಟ್ಟಳು.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಅವಳು ತಾನೇ ಎದ್ದು ನಿಂತಳು. ತೊಡೆಗಳು ನಡುಗಿದವು. ಹೊಸ್ತಿಲು ಮುಟ್ಟುವ ಮೊದಲೇ ಕುಸಿದಳು.

ಮಿಲ್ಲಿನಿಂದ ಬಂದ ಮಗ ಅವಳನ್ನು ಎತ್ತಿ ಮಲಗಿಸುತ್ತ ಅತ್ತ. "ನೋಡಿದೇನು? ಇದಕ್ಕ ನಾ ಬ್ಯಾಡ ಅಂದಿದ್ದೆ."

ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಅಷ್ಟು ಮಾತ್ರ ಇನ್ನೂ ಅವಳಿಂದ ಆಗುತ್ತಿತ್ತು.