ಎರಡನೆಯವಳು

"ಸ್ವಲ್ಪ ಜೋರಾಗಿ ಹೇಳಿ ಮಾವ, ಇಲ್ಲಿ ಗಲಾಟೆ," ಎಂದಳು ಕಡ್ಡಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು. ನೀರು ಸರಬರಾಜು ಕಚೇರಿಯ ಮೂರನೇ ಕಿಟಕಿಯ ಮುಂದೆ ಹತ್ತು ಹನ್ನೆರಡು ಜನ ಸಾಲುಗಟ್ಟಿ ನಿಂತಿದ್ದರು. ಎಲ್ಲರಿಗಿಂತ ಮುಂದಿದ್ದ ಮುದುಕರು, ತಮ್ಮ ಬೀದಿಗೆ ನಾಲ್ಕು ದಿನದಿಂದ ನೀರಿಲ್ಲ ಎಂಬ ಅರ್ಜಿಯನ್ನು ಒಳಗೆ ತೂರಿಸಿ, ಕೈ ಹಿಂದಕ್ಕೆ ತೆಗೆದುಕೊಳ್ಳದೆ ಅಲ್ಲೇ ಇಟ್ಟಿದ್ದರು.

"ಗೂಡ್ಸ್ ಔಟು!" ಮಾವ ಅತ್ತಲಿಂದ ಕೂಗಿದರು. "ಅವಳನ್ನ ತೆಗೆದುಹಾಕಿದ್ರು. ಭಾನುವಾರ ಮತ್ತೆ ಆಯ್ಕೆ ಓಟ. ಅವಳಿಲ್ಲ ಅಂದ್ಮೇಲೆ ನಿನ್ನ ಮುಂದೆ ಯಾರಿದಾರೆ ಹೇಳು? ಟೀಮಿಗೆ ನೀನೇ!"

ಕಡ್ಡಿ ಅರ್ಜಿಯ ಮೇಲೆ ಮೊಹರು ಒತ್ತಿದಳು. ಅದು ತಲೆಕೆಳಗಾಗಿ ಬಿತ್ತು.

ಮುಚ್ಚಿಡುವುದೇಕೆ, ಅವಳಿಗೆ ಖುಷಿಯಾಯಿತು. ಹೊಟ್ಟೆಯೊಳಗಿಂದ ಎದ್ದು ಗಂಟಲಿನವರೆಗೆ ಬಂದ ಖುಷಿ. ಹದಿಮೂರನೇ ವಯಸ್ಸಿನಿಂದ ಅವಳು ಎಂಟುನೂರು ಮೀಟರ್ ಓಡುತ್ತಿದ್ದಳು, ಮೈದಾನಕ್ಕೆ ಪೂರ್ತಿ ಎರಡು ಸುತ್ತು. ಸೋದರಮಾವನೇ ಕೋಚು. ಸಪೂರ ಮೈ, ನೀಳ ಕಾಲು ನೋಡಿ ಮೈದಾನದವರು ಇಟ್ಟ ಹೆಸರು ಕಡ್ಡಿ. ಈ ಕಿಟಕಿಯ ಕೆಲಸ ಸಿಕ್ಕಿದ್ದೂ ಓಟದಿಂದಲೇ. ಆರು ವರ್ಷ ಅವಳ ಮುಂದೆ ಯಾರೂ ಇರಲಿಲ್ಲ. ಆಮೇಲೆ ಪಾರ್ಸೆಲ್ ಆಫೀಸಿನಲ್ಲಿ ಮೂಟೆ ಇಳಿಸುತ್ತಿದ್ದ ಹುಡುಗಿಯೊಬ್ಬಳು ಎಲ್ಲಿಂದಲೋ ಬಂದಳು. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದೆ ಇರುತ್ತಿದ್ದಳು. ಒಮ್ಮೆ ವೇಗ ಹಿಡಿದಳೋ, ನಿಲ್ಲಿಸುವವರಿಲ್ಲ. ಗೂಡ್ಸ್ ರೈಲಿನ ಹಾಗೆ; ಅದಕ್ಕೇ ಆ ಹೆಸರು. ಮೂರು ವರ್ಷದಲ್ಲಿ ಇಬ್ಬರೂ ಜೊತೆಯಲ್ಲಿ ಓಡಿದ್ದು ಹದಿನೇಳು ಸಲ. ಹದಿನೇಳು ಸಲವೂ ಕೊನೆಯ ತಿರುವಿನಲ್ಲಿ ಕಡ್ಡಿಗೆ ಕಂಡದ್ದು ಅವಳ ಬೆನ್ನು: ಅಗಲ ಭುಜ, ಬೆವರಿಗೆ ಅಂಟಿದ ಬನಿಯನು, ಕುತ್ತಿಗೆಯ ಮೇಲೆ ಕುಣಿಯುವ ಗಿಡ್ಡ ಜಡೆ.

"ಯಾಕಂತೆ? ಏನಾದ್ರೂ ತಗೊಂಡಿದ್ಲಾ?"

"ತಗೊಂಡಿದ್ದಲ್ಲ, ಹುಟ್ಟಿನಿಂದ್ಲೇ ಇರೋದಂತೆ. ರಕ್ತದಲ್ಲಿ ಟೆಸ್ಟೋಸ್ಟೆರಾನು, ಗಂಡಸರ ಹಾರ್ಮೋನು. ಹೆಂಗಸರಿಗೆ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸಂಜೆ ಬಾ, ಹೇಳ್ತೀನಿ."

"ನೀರು ಯಾವಾಗ ಬರುತ್ತಮ್ಮ?" ಮುದುಕರು ಕೇಳಿದರು.

"ಇವತ್ತೇ ಬರುತ್ತೆ ತಾತ," ಎಂದಳು ಕಡ್ಡಿ. ನೀರು ಬಿಡುವುದಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸುದ್ದಿ ಎಲ್ಲರ ಫೋನಿಗೂ ಬಂದಿತ್ತು. ಗೂಡ್ಸಿನ ಫೋಟೋ, ಗಲ್ಲದ ಸುತ್ತ ಕೆಂಪು ಗೆರೆ. ಎರಡನೇ ಕಿಟಕಿಯವಳು ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. "ನಂಗೆ ಮೊದಲೇ ಅನ್ನಿಸ್ತಿತ್ತು ಕಣೇ. ಈ ದವಡೆ ನೋಡು, ಈ ತೋಳು ನೋಡು." ಮೀಟರು ಓದುವವನೊಬ್ಬ ಬಾಗಿಲಿಗೆ ಒರಗಿ ನಿಂತು, "ಅಲ್ಲಾ, ನೀವು ಅವಳ ಜೊತೆ ಒಂದೇ ರೂಮಲ್ಲಿ ಬಟ್ಟೆ ಬದಲಾಯಿಸ್ತಿದ್ರಲ್ಲ, ಏನೂ ಕಾಣ್ಲಿಲ್ವಾ?" ಎಂದ. ಎಲ್ಲರೂ ನಕ್ಕರು. ಕಡ್ಡಿ ಡಬ್ಬಿ ಮುಚ್ಚಿದಳು. ಫೋನು ಕಿತ್ತುಕೊಂಡು ಸುದ್ದಿಯನ್ನು ತಾನೇ ಓದಿದಳು. 'ಸಹ ಓಟಗಾರ್ತಿಯೊಬ್ಬಳು ನೀಡಿದ ಲಿಖಿತ ದೂರಿನ ಮೇರೆಗೆ ಪರೀಕ್ಷೆ ನಡೆಸಲಾಯಿತು' ಎಂದಿತ್ತು.

ಸಂಜೆ ಮೈದಾನದಲ್ಲಿ ಮಾವ ಸುಣ್ಣದ ಡಬ್ಬ ಹಿಡಿದು ಓಟದ ಗೆರೆಗಳನ್ನು ತಿದ್ದುತ್ತಿದ್ದರು.

"ಯಾರು ಮಾವ ದೂರು ಕೊಟ್ಟಿದ್ದು?"

"ನೀನು," ಎಂದರು ಮಾವ, ಬಗ್ಗಿದವರು ಏಳದೆ.

"ನಾನಾ?"

"ಹೋದ ಸಲದ ಆಯ್ಕೆ ಓಟ ಆದ ಮಾರನೇ ದಿನ ಫಾರಮ್ಮುಗಳಿಗೆ ಸಹಿ ಹಾಕಿದ್ಯಲ್ಲ, ಅದರೊಳಗೆ ಒಂದು ಹಾಳೆ. ನೀನು ಯಾವತ್ತು ಓದಿ ಸಹಿ ಹಾಕಿದೀಯ?"

"ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

ಮಾವ ಎದ್ದು ನಿಂತರು. "ಕೇಳೋದೇನು? ಆವತ್ತು ಮನೆಗೆ ಬರ್ತಾ ಸ್ಕೂಟರಿನ ಹಿಂದೆ ಕೂತು ಏನಂದೆ? 'ಅವಳ ಜೊತೆ ಓಡೋದು ಒಂದು ಓಟಾನಾ ಮಾವ, ಅವಳು ಹೆಂಗಸೇ ಅಲ್ಲ' ಅಂದೆ. ದಾರಿಯುದ್ದಕ್ಕೂ ಅತ್ತೆ. ನೀನಂದಿದ್ದನ್ನೇ ಬರೆದೆ. ಒಂದಕ್ಷರ ನನ್ನದಲ್ಲ."

ಅಂದದ್ದು ನಿಜ. ಮಾವನ ಬೆನ್ನಿಗೆ ಹಣೆ ಆನಿಸಿಕೊಂಡು ಅಂದಿದ್ದಳು. ಅಂದು ಮುಗಿಯಿತು ಎಂದುಕೊಂಡಿದ್ದಳು.

"ನೋಡು," ಮಾವನ ದನಿ ಮೆತ್ತಗಾಯಿತು. "ಹೆಂಗಸರ ಓಟ ಅಂತ ಬೇರೆ ಇಟ್ಟಿರೋದು ಯಾಕೆ? ಗಂಡಸರ ಮೈಬಲದ ಎದುರು ನಿಮಗೆ ಜಾಗ ಸಿಗಲ್ಲ ಅಂತ ತಾನೆ? ಆ ಬಲವೇ ಒಳಗೆ ಬಂದು ಪಕ್ಕದ ಗೆರೇಲಿ ನಿಂತ್ರೆ ನೀನೆಲ್ಲಿಗೆ ಹೋಗ್ತೀಯ? ನಿನ್ನಂಥ ನೂರು ಹುಡುಗೀರು ಎಲ್ಲಿಗೆ ಹೋಗ್ಬೇಕು? ಹದಿಮೂರು ವರ್ಷ ಗಡಿಯಾರ ಹಿಡಿದು ನಿಂತಿದೀನಿ. ನಿನ್ನ ಮಂಡಿ ಎರಡು ಸಲ ಕುಯ್ಸಿದೀವಿ. ಇದು ನ್ಯಾಯದ ಮಾತಲ್ವಾ?"

ಮಾವ ಹೇಳಿದ್ದು ಸುಳ್ಳಲ್ಲ. ಮಂಡಿಯ ಗಾಯದ ಗೆರೆ ಈಗಲೂ ಜುಮ್ಮೆನ್ನುತ್ತಿತ್ತು. ಸುಳ್ಳಲ್ಲದ್ದಕ್ಕೇ ಸಿಟ್ಟು ನೆತ್ತಿಗೇರಿತು.

"ಹಾಗಿದ್ರೆ ಅದನ್ನೇ ಬರೀಬೇಕಿತ್ತು. ನಿನ್ನ ಹೆಸರಲ್ಲಿ ಬರೀಬೇಕಿತ್ತು. ನಾನು ಅತ್ಕೊಂಡು ಅಂದಿದ್ದನ್ನ ನನ್ನ ಸಹಿ ಕದ್ದು ಯಾಕೆ ಬರೆದೆ ನೀನು?"

ಹುಟ್ಟಿದಾಗಿನಿಂದ ಅವಳು ಮಾವನಿಗೆ ನೀವು ಎಂದೇ ಅಂದವಳು. ಮಾವ ಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಬಟ್ಟೆಯ ಮೇಲೆ ಐದು ಬೆರಳೂ ಬಿಳಿಯಾಗಿ ಮೂಡಿದವು.

ಮಾರನೇ ದಿನ ರಜೆ ಹಾಕಿ ಕ್ರೀಡಾ ಸಂಘದ ಕಚೇರಿಗೆ ಹೋದಳು. ದೂರು ಹಿಂದಕ್ಕೆ ಪಡೆಯುತ್ತೇನೆ ಎಂದು ತನ್ನ ಕೈಯಾರೆ ಬರೆದ ಹಾಳೆ ಚೀಲದಲ್ಲಿತ್ತು. ಕಾರ್ಯದರ್ಶಿ ಅದನ್ನು ಓದಿ, ಮಡಚಿ, ಅವಳ ಕಡೆಗೇ ತಳ್ಳಿದರು.

"ಬೆಂಕಿ ಹತ್ತಿಕೊಂಡ ಮೇಲೆ ಬಂದು ಕಡ್ಡಿ ವಾಪಸ್ ಕೊಡಿ ಅಂದ್ರೆ ಹೇಗಮ್ಮ?" ಎಂದರು. ಫೈಲು ಜೋಡಿಸುತ್ತಿದ್ದ ಜವಾನನಿಗೆ ಅವಳ ಹೆಸರು ಗೊತ್ತಿತ್ತು. ಅವನು ಕಿಸಕ್ಕನೆ ನಕ್ಕ. ಕಾರ್ಯದರ್ಶಿ ಮುಂದುವರಿಸಿದರು: "ನಿಮ್ಮ ದೂರಿನಿಂದ ಶುರುವಾಯ್ತು, ಸರಿ. ಈಗ ರಕ್ತದ ರಿಪೋರ್ಟು ಬಂದಿದೆ. ನಿಯಮ ಇದೆ. ರಿಪೋರ್ಟಿಗೆ ನಿಮ್ಮ ಸಹಿ ಬೇಕಾಗಿಲ್ಲ."

"ಹಾಗಾದ್ರೆ ನನ್ನ ರಕ್ತಾನೂ ತೆಗೀರಿ. ಎಂಟು ಜನ ಓಡ್ತೀವಿ, ಎಂಟೂ ಜನರದ್ದೂ ತೆಗೀರಿ."

ಕಾರ್ಯದರ್ಶಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ತಲೆಗೂದಲು, ಎದೆ, ಸೊಂಟ. "ನಿಮ್ಮನ್ನ ನೋಡಿದ್ರೇ ಗೊತ್ತಾಗುತ್ತಲ್ಲಮ್ಮ," ಎಂದರು. ಹೊಗಳಿದೆನೆಂದೇ ಅವರು ಭಾವಿಸಿದಂತಿತ್ತು.

ಕಡ್ಡಿ ಹಾಳೆಯನ್ನು ಚೀಲಕ್ಕೆ ತುರುಕಿ ಮೆಟ್ಟಿಲಿಳಿದಳು.

ಪಾರ್ಸೆಲ್ ಆಫೀಸಿನ ಹಿಂದಿನ ಓಣಿಯ ಕೊನೆಯಲ್ಲಿ ಗೂಡ್ಸಿನ ಮನೆ. ಎದುರು ಕಟ್ಟೆಯ ಮೇಲೆ ಕೆಲಸವಿಲ್ಲದ ನಾಲ್ಕು ಗಂಡಸರು ಕುಳಿತು ಆ ಬಾಗಿಲನ್ನೇ ನೋಡುತ್ತಿದ್ದರು. ಒಳಗೆ ಗೂಡ್ಸಿನ ತಾಯಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದಳು.

"ನೀನೂ ನೋಡೋಕೆ ಬಂದ್ಯಾ?"

"ಬಿಡಮ್ಮ, ನಮ್ಮ ಓಟದವಳು," ಒಳಗಿಂದ ದನಿ ಬಂತು. ಗೂಡ್ಸ್ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಚೈನು ಸರಿಮಾಡುತ್ತಿದ್ದಳು. ಮೊಣಕೈವರೆಗೆ ಕಪ್ಪು ಗ್ರೀಸು. ತಲೆ ಎತ್ತಲಿಲ್ಲ.

"ದೂರು ಕೊಟ್ಟಿದ್ದು..."

"ಗೊತ್ತು. ಕಾಗದ ತೋರಿಸಿದ್ರು. ಅಕ್ಷರ ನಿಂದಲ್ಲ, ಸಹಿ ನಿಂದು."

"ಮಾವ ಬರೆದಿದ್ದು."

"ಮಾತು ಯಾರದ್ದು?"

ಚಕ್ರ ಟಿಕಟಿಕ ಎನ್ನುತ್ತ ತಿರುಗಿ ನಿಂತಿತು.

"ನಂದು," ಎಂದಳು ಕಡ್ಡಿ.

ಗೂಡ್ಸ್ ಸ್ಪ್ಯಾನರು ಕೆಳಗಿಟ್ಟಳು. "ಏನು ಮಾಡಿದ್ರು ಗೊತ್ತಾ? ರಕ್ತ ತಗೊಂಡು ಬಿಡ್ಲಿಲ್ಲ. ಅಮ್ಮನ್ನ ಹೊರಗೆ ಕೂರಿಸಿ, ಪರದೆ ಹಿಂದೆ ಮಲಗಿಸಿ, ಟೇಪು ಹಿಡ್ಕೊಂಡು ಅಳೆದ್ರು. ಎಲ್ಲೆಲ್ಲಿ ಅಳೆದ್ರು ಅಂತ ಹೇಳ್ಲಾ? ಒಬ್ಬ ಕೂಗಿ ಹೇಳ್ತಿದ್ದ, ಇನ್ನೊಬ್ಬ ಬರ್ಕೊಳ್ತಿದ್ದ. ಪಾರ್ಸೆಲ್ ಆಫೀಸಲ್ಲಿ ಮೂಟೆ ತೂಕ ಬರ್ಕೊಳ್ತಾರಲ್ಲ, ಹಾಗೆ. ಹೆತ್ತ ದಿನ ಅಮ್ಮ ನೋಡಿ ಹೆಣ್ಣು ಅಂದ್ಲು. ಇಪ್ಪತ್ಮೂರು ವರ್ಷ ನಾನೂ ಹಾಗೇ ಬದುಕಿದೀನಿ. ಈಗ ಹೇಳ್ತಾರೆ, ಆರು ತಿಂಗಳು ಮಾತ್ರೆ ತಗೊಂಡು ಕಮ್ಮಿ ಮಾಡ್ಕೊಂಡು ಬಾ, ಆಮೇಲೆ ನೋಡೋಣ ಅಂತ. ನಂಗೇನು ರೋಗ ಬಂದಿದೆಯಾ?"

ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಹೋಗಿ ಬರುವ ಸದ್ದು ನಿಂತಿತ್ತು.

"ನಿನ್ನ ಕಾಲು ನೋಡ್ಕೋ," ಎಂದಳು ಗೂಡ್ಸ್. "ಸೊಂಟದಲ್ಲಿ ಶುರುವಾಗಿ ಮುಗಿಯೋದೇ ಇಲ್ಲ. ನಾನು ಮೂರು ಹೆಜ್ಜೆ ಇಡೋ ಜಾಗಕ್ಕೆ ನಿಂಗೆ ಎರಡು ಸಾಕು. ಯಾರಾದ್ರೂ ಬಂದು, ಇದು ಜಾಸ್ತಿ ಆಯ್ತು, ಕತ್ತರಿಸ್ಕೊಂಡು ಬಾ ಅಂದ್ರಾ?"

"ನಂಗೂ ಸಿಟ್ಟಿದೆ ಕಣೇ!" ಕಡ್ಡಿಗೆ ತನ್ನ ದನಿ ಏರಿದ್ದು ಕೇಳಿಸಿತು. "ಹದಿನೇಳು ಸಲ! ಬೆಳಗಾಗೋ ಮುಂಚೆ ಎದ್ದು, ಬಾಯಿ ಕಟ್ಟಿ, ಮಂಡಿ ಕುಯ್ಸ್ಕೊಂಡು ಓಡಿದೀನಿ. ನೀನು ಮೂಟೆ ಇಳಿಸಿ, ಮುಖ ತೊಳ್ಕೊಂಡು ಬಂದು ಗೆದ್ದು ಹೋಗ್ತಿದ್ದೆ. ಕಾಲುದ್ದ ಇರೋದೂ ಇದೂ ಒಂದೇನಾ? ನಂಗೊತ್ತಿಲ್ಲ. ನಿಂಗೊತ್ತಾ? ನನ್ನ ಹೊಟ್ಟೆ ಹೇಗೆ ಉರೀತಿತ್ತು ಅಂತ ನಿಂಗೇನು ಗೊತ್ತು?"

"ಅದನ್ನ ನನ್ನ ಮುಖಕ್ಕೆ ಹೇಳ್ಬೇಕಿತ್ತು! ಬೈಬೇಕಿತ್ತು. ಕೆನ್ನೆಗೆ ಹೊಡೀಬೇಕಿತ್ತು. ನಾನೂ ಎರಡು ಕೊಡ್ತಿದ್ದೆ, ಮುಗೀತಿತ್ತು. ಓಟ ಮುಗಿದ ಮೇಲೆ ನನ್ನ ಬಾಟಲಲ್ಲೇ ನೀರು ಕುಡೀತಿದ್ದೆ ನೀನು."

ಇಬ್ಬರೂ ಓಡಿ ಬಂದವರಂತೆ ಏದುಸಿರು ಬಿಡುತ್ತಿದ್ದರು. ಎದುರಿನ ಕಟ್ಟೆಯವರಲ್ಲಿ ಒಬ್ಬ ಎದ್ದು ಹತ್ತಿರ ಬಂದು ನಿಂತ. ತಾಯಿ ಬಾಗಿಲನ್ನು ರಪ್ಪನೆ ಮುಚ್ಚಿದಳು.

"ಭಾನುವಾರ ನಾನು ಓಡಲ್ಲ," ಎಂದಳು ಕಡ್ಡಿ. "ಬೆಳಿಗ್ಗೆ ಹೋಗಿ ಹೇಳಿ ಬಂದ್ಬಿಡ್ತೀನಿ."

ಅಳುವಿನ ಅಂಚಿನಲ್ಲಿದ್ದ ಗೂಡ್ಸಿನ ಮುಖ ಒಮ್ಮೆಲೇ ಬಿಗಿಯಿತು.

"ಓಡ್ತೀಯ. ನೀನು ಓಡಲ್ಲ ಅಂದ್ರೆ ಎಲ್ಲರೂ ಏನಂತಾರೆ? ಆಹಾ, ಎಂಥ ದೊಡ್ಡ ಮನಸ್ಸು ಅಂತಾರೆ. ನನ್ನ ಫೋಟೋಗೆ ಗಲ್ಲದ ಸುತ್ತ ಗೆರೆ, ನಿನ್ನ ಫೋಟೋಗೆ ಹಾರ. ನನ್ನ ಓಟ ಹೋಯ್ತು. ನನ್ನ ಲೆಕ್ಕದಲ್ಲಿ ನೀನು ಒಳ್ಳೆಯವಳಾಗೋದು ಬೇಡ. ಹೋಗಿ ಓಡು."

ತಾಯಿ ಒಳಗಿಂದ ಒಂದು ಲೋಟ ನೀರು ತಂದಳು.

"ಅವಳಿಗೆ ಕೊಡಬೇಡಮ್ಮ," ಎಂದಳು ಗೂಡ್ಸ್.

ಭಾನುವಾರ ಏಳು ಜನ ಓಡಿದರು. ಎಂಟನೇ ಗೆರೆ ಖಾಲಿ. ಮೊದಲ ಸುತ್ತಿನಲ್ಲೇ ಕಡ್ಡಿ ಮುಂದಿದ್ದಳು. ಹಲ್ಲು ಕಚ್ಚಿ ಓಡಿದಳು. ಮಾವನ ಮೇಲೆ, ಕಾರ್ಯದರ್ಶಿಯ ಕಣ್ಣಿನ ಮೇಲೆ, ಗೂಡ್ಸಿನ ಮೇಲೆ, ಆವತ್ತು ಸ್ಕೂಟರಿನಲ್ಲಿ ಆಡಿದ ತನ್ನ ಬಾಯಿಯ ಮೇಲೆ ಬಂದ ಸಿಟ್ಟನ್ನೆಲ್ಲ ಕಾಲಿಗಿಳಿಸಿ ಓಡಿದಳು. ಎರಡನೇ ಸುತ್ತಿನ ದೂರದ ಬದಿಯಲ್ಲಿ, ಹಿಂದಿನಿಂದ ದಪದಪನೆ ಹತ್ತಿರವಾಗುವ ಆ ಹೆಜ್ಜೆಗಳಿಗಾಗಿ ಕಿವಿ ತಾನಾಗಿ ಕಾದಿತು. ಬರಲಿಲ್ಲ. ಕೊನೆಯ ತಿರುವು ದಾಟಿದಾಗ ಎದುರಿಗೆ ಖಾಲಿ ಮಣ್ಣು, ಬಿಳಿ ಗೆರೆ. ಸಿಟ್ಟಿದ್ದರೂ ಕಾಲು ಮೊದಲಿನ ವೇಗಕ್ಕೆ ಏಳಲಿಲ್ಲ; ಹಾಗೇ ಗೆರೆ ದಾಟಿದಳು.

"ಗೆದ್ದೆ! ಗೆದ್ದೆ ಮಗಳೇ!" ಮಾವ ಓಡಿ ಬಂದು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಎಷ್ಟು?"

"ಗೆದ್ಯಲ್ಲ, ಬಿಡು."

"ಎಷ್ಟು ಅಂದೆ."

"ಎರಡು ನಿಮಿಷ, ಆರು ಸೆಕೆಂಡು."

ಗೂಡ್ಸಿನ ಬೆನ್ನು ನೋಡುತ್ತ ಓಡಿದಾಗ ಅವಳು ಎರಡು ನಿಮಿಷ ನಾಲ್ಕಕ್ಕೆ ಮುಟ್ಟಿದ್ದಳು. ಮಾವನ ತೋಳನ್ನು ಮೆಲ್ಲಗೆ ಬಿಡಿಸಿಕೊಂಡಳು.

"ನಾಳೆಯಿಂದ ನೀವು ಬರಬೇಡಿ ಸರ್," ಎಂದಳು.

ಮಾವ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಯಾರೋ ಅವರ ಕೈ ಕುಲುಕಿ ಅಭಿನಂದನೆ ಎಂದರು. ಅವರು ನಗಬೇಕಾಯಿತು.

ಕಡ್ಡಿ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಗ್ಯಾಲರಿಯ ಕೆಳಗಿನ ಓಣಿಯಲ್ಲಿ ನಡೆದಳು. ತಂಪು ಸಿಮೆಂಟು. ಗೋಡೆಯ ಮೇಲೆ ಆ ಮೈದಾನದ ದಾಖಲೆಗಳನ್ನು ಬರೆದ ಹಸಿರು ಹಲಗೆ ಇತ್ತು. ಹೆಂಗಸರ ಎಂಟುನೂರು ಮೀಟರಿನ, ಗೂಡ್ಸಿನ ಹೆಸರಿದ್ದ ಸಾಲಿನ ಮೇಲೆ ಹೊಸದಾಗಿ ಒಂದು ಬಿಳಿ ಕಾಗದದ ಪಟ್ಟಿ ಅಂಟಿಸಿದ್ದರು. ಪಟ್ಟಿಯ ಮೇಲೆ ಏನೂ ಬರೆದಿರಲಿಲ್ಲ. ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ, ಅಂಚು ಸ್ವಲ್ಪ ಎದ್ದಿತ್ತು.

ಅವಳು ಸುತ್ತ ನೋಡಿ, ಆ ಅಂಚಿಗೆ ಉಗುರು ಹಾಕಿದಳು. ಹರಿಯದ ಹಾಗೆ, ಉಸಿರು ಬಿಗಿಹಿಡಿದು, ಒಂದೊಂದೇ ಅಂಗುಲ ಸುಲಿಯುತ್ತ ಹೋದಳು. ಕಾಗದ ಇಡಿಯಾಗಿ ಕೈಗೆ ಬಂತು. ಅದರ ಜೊತೆಯಲ್ಲೇ ಕೆಳಗಿನ ಬಣ್ಣವೂ ಎದ್ದು ಬಂದಿತ್ತು. ಹಲಗೆಯ ಮೇಲೆ ಬರಿಯ ಮರ, ಹೆಸರಿನ ಕೊನೆಯ ಒಂದು ಅಕ್ಷರ, ಅದರ ಪಕ್ಕ ಎರಡರ ಅಂಕಿ ಉಳಿದಿದ್ದವು. ಕಾಗದ ಮಗುಚಿ ನೋಡಿದಳು. ಉಳಿದ ಅಕ್ಷರಗಳು ಅಂಟಿನಲ್ಲಿ ಕಚ್ಚಿಕೊಂಡು, ತಿರುಗುಮುರುಗಾಗಿ, ಸಣ್ಣ ಚೂರುಗಳಾಗಿ ಅಲ್ಲಿದ್ದವು. ಅವು ಉದುರದ ಹಾಗೆ ಅಂಗೈಯನ್ನು ಅಗಲಿಸಿ ಹಿಡಿದುಕೊಂಡು ಅವಳು ಅಲ್ಲೇ ನಿಂತಳು.