ಕೆಮ್ಮಣ್ಣಿನ ಕೈ

ನಿಂಗಪ್ಪನ ಹಲ್ಲುಗಳ ಸಂದಿಯಿಂದ ಕಂಬಳಿಯ ಎಳೆಗಳನ್ನು ಮುದ್ದಕ್ಕ ಬಿಡಿಸುತ್ತಿದ್ದಳು. ನೋವು ತಡೆಯಲಾರದೆ ಗಂಡ ಕಂಬಳಿಯ ಅಂಚು ಕಚ್ಚಿಕೊಂಡೇ ಪ್ರಾಣ ಬಿಟ್ಟಿದ್ದ. ಹಟ್ಟಿಯ ಹಿಂದೆ ಗುಂಡಿ ತೋಡುತ್ತಿದ್ದರು.

ಹಿರಿಯೂರಿನಿಂದ ಬಂದ ನರ್ಸ್ ಕಾವ್ಯಶ್ರೀ ಹಾರ ಹಾಕಿ, ಕಚ್ಚಿ ಹರಿದ ಆ ಅಂಚನ್ನೇ ನೋಡುತ್ತ ನಿಂತುಬಿಟ್ಟಳು.

"ಇಷ್ಟೊಂದು ನೋವಿತ್ತಾ ಅಜ್ಜಿ? ಫೋನಲ್ಲಿ ದಿನಾ ನೋವಿಲ್ಲ ಅನ್ನೋ ಹಸಿರು ಮುಖಾನೇ ಬರ್ತಿತ್ತಲ್ಲ! ಕೆಂಪು ಒತ್ತಿದ್ರೆ ನೋವಿನ ಮಾತ್ರೆ ಮನೆಗೇ ತಂದು ಕೊಡ್ತಿದ್ದೆ."

"ಮನೆಗೇ? ಕೆಂಪು ಒತ್ತಿದ್ರೆ ಎತ್ಕಂಡು ಹೋಗ್ತೀರಂತಲ್ಲ, ವಾಪಸ್ ಕಳ್ಸಲ್ವಂತಲ್ಲ?"

"ಅಯ್ಯೋ, ಯಾರ್ ಹೇಳಿದ್ದು? ಒಂದ್ಸಲ ಕೆಂಪು ಬಂತು. ಫೋನ್ ಮಾಡಿ, ಬಸ್ಸು ಧರ್ಮಪುರದವರೆಗೇ, ಅಲ್ಲಿಗೆ ಬೈಕ್ ತಗೊಂಡು ಬಾ, ಮಾತ್ರೆ ತರ್ತೀನಿ ಅಂದೆ. ನಿಮ್ಮ ಹುಡುಗ ದಯಾನಂದ, ‘ತಪ್ಪಿ ಒತ್ತಿಬಿಟ್ಟೆ, ದೊಡ್ಡಪ್ಪ ಆರಾಮಾಗಿದಾನೆ’ ಅಂದ."

ಮುದ್ದಕ್ಕನ ಅಳು ಅಲ್ಲೇ ನಿಂತುಹೋಯಿತು.

"ಮಣ್ಣು ಆಗೋಗಂಟ ಇರವ್ವ, ಹೋಗ್‌ಬ್ಯಾಡ," ಎಂದು ಎದ್ದಳು.

*

ಕ್ಯಾನ್ಸರು ಬೆನ್ನುಮೂಳೆಗೆ ಇಳಿದ ಮೇಲೆ ಆಸ್ಪತ್ರೆಯವರು ನಿಂಗಪ್ಪನನ್ನು ಮನೆಗೆ ಕಳಿಸಿದ್ದರು. ದಿನವೂ ಫೋನಿನಲ್ಲಿ ಒಂದು ಮುಖ ಒತ್ತಿ ನೋವು ಎಷ್ಟಿದೆಯೆಂದು ತಿಳಿಸಬೇಕು. ಅಕ್ಷರ ಬಾರದ ಮನೆ. ಫೋನು ಮೈದುನನ ಮಗ ದಯಾನಂದನ ಕೈಯಲ್ಲಿ. ತಾಯಿಯಿಲ್ಲದ ತಬ್ಬಲಿ ಎಂದು ಮುದ್ದಕ್ಕನೇ ತುತ್ತಿಟ್ಟು ಬೆಳೆಸಿದವನು. ಮಹಾರಾಯ ಆಗ ಪಂಚಾಯ್ತಿ ಎಲೆಕ್ಷನ್ನಿನ ಬಾಡೂಟಗಳಲ್ಲಿ ಬಿಡುವಿಲ್ಲದೆ ಓಡಾಡುತ್ತಿದ್ದ!

"ದೊಡ್ಡಪ್ಪ, ಕೆಂಪು ಒತ್ತಿದ್ರೆ ಅವ್ರು ಬಂದು ಎತ್ಕಂಡು ಹೋಗ್ತಾರೆ. ತಿರುಗಿ ಕಳ್ಸಲ್ಲ," ಎಂದಿದ್ದ.

ನಿಂಗಪ್ಪ ನಂಬಿದ. ನಂಬದೇ ಏನು ಮಾಡಿಯಾನು? ಸಂತೆಗೆ ಹೊರಟ ಕುರಿಯ ಬೆನ್ನಿಗೆ ಕೆಮ್ಮಣ್ಣಿನ ಕೈ ಒತ್ತುವುದು ಆ ಹಟ್ಟಿಯ ಪದ್ಧತಿ. ಕೆಂಪು ಬಿದ್ದ ಕುರಿ ಮಂದೆಗೆ ಮರಳಿದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

"ನಂಗೇ ಕೆಂಪು ಹಾಕ್ತೀಯೇನ್ಲೇ? ಹಸಿರೇ ಒತ್ತು," ಎಂದ.

"ಬ್ಯಾಡ ಕಣಪ್ಪ, ಕೆಂಪು ಒತ್ತಬ್ಯಾಡ," ಎಂದು ಮುದ್ದಕ್ಕನೂ ಕೈಮುಗಿದಿದ್ದಳು. ಆ ಪಾಪಿಗೆ ಕೈಮುಗಿದಿದ್ದಳು!

*

ದೇಹವನ್ನು ಗುಂಡಿಗೆ ಇಳಿಸಿದರು. ಹಟ್ಟಿಯ ಹಿರಿಯ ಜುಂಜಯ್ಯ ಕರೆದ:

"ಮುದ್ದಕ್ಕ, ಸತ್ತೋನ ಕಂಬಳಿ ಮಗನ ಜಾಗದಾಗಿರೋ ದಯಾನಂದನ್ಗೆ ಹೊದ್ಸವ್ವ. ಕಂಬಳಿ ಯಾರ ಬೆನ್ನಿಗೋ ಮಂದೆ ಅವಂದೇ."

ದಯಾನಂದ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಕಣ್ಣು ಒರೆಸಿಕೊಂಡು ಮುಂದೆ ಬಂದು ಬಗ್ಗಿದ. ಮುದ್ದಕ್ಕನ ಹೆಗಲ ಮೇಲೆ ಕಂಬಳಿಯಿತ್ತು, ಕೈಯಲ್ಲಿ ಬೋಗುಣಿ.

"ಇನ್ನೊಂಚೂರು ಬಗ್ಗು," ಎಂದಳು.

ಬೋಗುಣಿಯ ಕೆಮ್ಮಣ್ಣಿಗೆ ಕೈ ಅದ್ದಿ, ಅವನ ಬೆನ್ನಿನ ನಟ್ಟನಡುವೆ ಅಂಗೈ ಊರಿ ಒತ್ತಿದಳು.

"ದೊಡ್ಡವ್ವ! ಏನಿದು?"

"ಮಾತ್ರೆ ಮನೆ ಬಾಗ್ಲಿಗೇ ಬರ್ತಿತ್ತು. ಧರ್ಮಪುರಕ್ಕೆ ಬೈಕ್ ತಿರುಗ್ಸಕ್ಕೆ ನಿಂಗೆ ಬ್ಯಾಸ್ರ ಆತು. ಸುಳ್ಳು ಹೇಳಿ ತಡದೆ. ನನ್ನ ಗಂಡ ಕಂಬಳಿ ಕಚ್ಕಂಡು ಸತ್ತ. ನರ್ಸಮ್ಮ ಇಲ್ಲೇ ಅವ್ಳೆ, ಕೇಳ್ರಿ ಎಲ್ರೂ!"

ಕಾವ್ಯಶ್ರೀ ಅಳುತ್ತಲೇ ಹೌದೆಂದು ತಲೆಯಾಡಿಸಿದಳು.

ಮುದ್ದಕ್ಕ ಕಂಬಳಿಯನ್ನು ಬಿಡಿಸಿ ಗುಂಡಿಯೊಳಗೆ ಗಂಡನ ಮೇಲೆ ಹಾಸಿದಳು.

"ಇವ್ನಿಗೆ ಕೆಂಪು ಬಿದ್ದೈತೆ ಜುಂಜಯ್ಯ. ಮಂದೆಗೆ ಸೇರಿಸ್‌ಬ್ಯಾಡ್ರಿ."

ಜುಂಜಯ್ಯ ಹರಿದ ಅಂಚನ್ನು ನೋಡಿದ, ಆ ಬೆನ್ನನ್ನು ನೋಡಿದ. ಪಕ್ಕಕ್ಕೆ ಸರಿದು ಅವನಿಗೆ ಹಟ್ಟಿಯಿಂದ ಹೊರಗೆ ದಾರಿ ಬಿಟ್ಟ. ಉಳಿದವರೂ ಸರಿದರು.

ಮಣ್ಣು ಎಳೆಯುವ ಸದ್ದು ಶುರುವಾಯಿತು. ಧರ್ಮಪುರದ ದಾರಿಯಲ್ಲಿ ದಯಾನಂದ ಕೈಯನ್ನು ಹಿಂದಕ್ಕೆ ತಿರುಚಿ ಬೆನ್ನು ಒರೆಸಿಕೊಳ್ಳಲು ನೋಡುತ್ತಿದ್ದ. ಕೈ ಎಟುಕುತ್ತಿರಲಿಲ್ಲ. ಬಿಳಿ ಅಂಗಿಯ ಮೇಲೆ ಐದೂ ಬೆರಳು ಬಿಸಿಲಿಗೆ ಒಣಗುತ್ತಿದ್ದವು.